ಭೋಜನಶಾಲೆಯ ವಿದ್ಯಾರ್ಥಿಗಳು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಾಗದದ ಸುರುಳಿ ಇದೆ. ಮದುವೆಗಳಲ್ಲಿ ಎಲೆ ಹಾಕುವ ಮೊದಲು ಮೇಜಿನ ಮೇಲೆ ಉದ್ದಕ್ಕೆ ಹಾಸಿಕೊಂಡು ಹೋಗುತ್ತಾರಲ್ಲ, ಆ ಬಿಳಿಯ ತೆಳು ಕಾಗದ. ರಾಮಕೃಷ್ಣನಗರದ ಈ ಮನೆಯ ಗೃಹಪ್ರವೇಶದಲ್ಲಿ ಉಳಿದದ್ದು. ಪ್ರತಿ ವರ್ಷ ಹಬ್ಬಕ್ಕೆ ಅಟ್ಟ ಗುಡಿಸುವಾಗ ನಮ್ಮ ಯಜಮಾನರು ಅದನ್ನು ಕೆಳಗಿಳಿಸಿ, ಹಳೇ ಪೇಪರಿನವನಿಗೆ ಹಾಕಿಬಿಡೋಣವೇ ಎಂದು ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಯಾಕೆ ಎಂದು ಅವರು ಕೇಳುವುದಿಲ್ಲ. ಕೇಳಿದರೆ ನಾನು ಶುರು ಮಾಡುತ್ತೇನೆ, ಮುಗಿಸುವ ಹೊತ್ತಿಗೆ ಕಾಫಿ ಆರಿರುತ್ತದೆ ಎಂಬುದು ಅವರ ಅನುಭವ. ನಿಮಗೆ ಆ ಅನುಭವ ಇಲ್ಲದ್ದರಿಂದ ನಿಮಗೆ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮಕ್ಕಳಲ್ಲಿ ಯಾರು ಜಾಣರು, ಯಾರು ದಡ್ಡರು ಎಂದು ಒಂದು ವಾರದಲ್ಲಿ ಹೇಳಬಲ್ಲೆ ಎಂಬ ಧೈರ್ಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗಿತ್ತು. ಈಗ ಇಲ್ಲ. ಆ ಧೈರ್ಯ ನನಗೆ ಬಂದದ್ದಾದರೂ ಎಲ್ಲಿಂದ ಎಂದು ಯೋಚಿಸಿದರೆ ಲಕ್ಷ್ಮೀಪುರಂನ ನಮ್ಮ ಹಳೆಯ ಬಾಡಿಗೆ ಮನೆ ನೆನಪಾಗುತ್ತದೆ. ಅಲ್ಲಿ ನಾನು ಜಾಣೆ ಎಂದು ಹೆಸರಾಗಿದ್ದೆ.

ಆ ಮನೆಯಲ್ಲಿ ಕಿಟಕಿಯ ಪಕ್ಕ ಒಂದು ಮೇಜಿತ್ತು. ಅದು ನನ್ನದು. ಅದರ ಮೇಲೆ ಅಮ್ಮ ಎಲೆಯಡಿಕೆಯ ತಟ್ಟೆಯನ್ನೂ ಇಡುತ್ತಿರಲಿಲ್ಲ. ನಾನು ಅದರ ಮುಂದೆ ಕುಳಿತರೆ ಸಾಕು, "ಮಗು ಓದ್ತಾ ಇದೆ" ಎಂಬ ಮಾತು ನಡುಮನೆಯಿಂದ ಅಡುಗೆಮನೆಗೂ ಅಲ್ಲಿಂದ ಹಿತ್ತಿಲಿಗೂ ದಾಟುತ್ತಿತ್ತು. ರೇಡಿಯೊ ಸಣ್ಣಗಾಗುತ್ತಿತ್ತು. ಬಂದ ನೆಂಟರು ಪಿಸುಮಾತಿಗೆ ಇಳಿಯುತ್ತಿದ್ದರು. ಮಗುವಾದರೋ ಸಮಾಜ ಪುಸ್ತಕದ ಒಳಗೆ ವಾರಪತ್ರಿಕೆಯ ಧಾರಾವಾಹಿ ಇಟ್ಟುಕೊಂಡು, ನಾಯಕಿ ಬಾವಿಗೆ ಹಾರುತ್ತಾಳೋ ಇಲ್ಲವೋ ಎಂಬ ಚಿಂತೆಯಲ್ಲಿರುತ್ತಿತ್ತು.

ಅಪ್ಪ ಕಾಲೇಜಿನಲ್ಲಿ ಚರಿತ್ರೆಯ ಮೇಷ್ಟ್ರು. ರಾತ್ರಿ ಊಟಕ್ಕೆ ಕುಳಿತಾಗ, ಇವತ್ತು ತರಗತಿಯಲ್ಲಿ ಏನು ನಡೆಯಿತು ಎಂದು ಕೇಳುತ್ತಿದ್ದರು. ಪರೀಕ್ಷೆ ಮಾಡುವಂತೆ ಅಲ್ಲ, ಪೇಟೆಯ ಸುದ್ದಿ ಕೇಳುವಂತೆ. ಹೇಳಲು ಏನಾದರೂ ಬೇಕಲ್ಲ ಎಂದು ನಾನು ಪಾಠವನ್ನು ಸ್ವಲ್ಪ ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲೇ ನನ್ನ ಓದು ಮುಗಿದುಹೋಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಒಮ್ಮೆ ಶಾಲೆಯಲ್ಲಿ ಭಾಷಣ ಸ್ಪರ್ಧೆ. ವಿಷಯ ಪರಿಸರ ಸಂರಕ್ಷಣೆ. ಭಾಷಣ ಬರೆದವರು ಅಪ್ಪ, ತಿದ್ದಿದವರು ಸೋದರಮಾವ, ಕೈ ಎಲ್ಲಿ ಎತ್ತಬೇಕು ಎಂದು ಹೇಳಿಕೊಟ್ಟವರು ಅಮ್ಮ. ನಾನು ಉಸಿರು ಬಿಡದೆ ಒಪ್ಪಿಸಿ ಮುಗಿಸಿದೆ. ತೀರ್ಪುಗಾರರೊಬ್ಬರು ಸಂತೋಷದಿಂದ, ನೀನು ಹೇಳಿದ ಜೀವವೈವಿಧ್ಯ ಅಂದರೆ ಏನಮ್ಮ ಎಂದು ಕೇಳಿದರು. "ಅಪ್ಪನ್ನ ಕೇಳಿ ನಾಳೆ ಹೇಳ್ತೀನಿ ಸಾರ್" ಎಂದೆ. ಸಭೆ ನಕ್ಕಿತು. ಆದರೂ ಮೊದಲ ಬಹುಮಾನ ನನಗೇ ಬಂತು. ಆ ಬಹುಮಾನ ಯಾರಿಗೆ ಬಂತು ಎಂದು ಆಗ ನಾನು ಯೋಚಿಸಲಿಲ್ಲ. ಒಂದು ಸ್ಟೀಲಿನ ಡಬ್ಬಿ, ಮುಚ್ಚಳ ಗಟ್ಟಿಯಾಗಿ ಕೂರುತ್ತಿತ್ತು. ಮನೆಯವರೆಲ್ಲ ಸೇರಿ ಗೆದ್ದದ್ದು, ಮನೆಯವರೆಲ್ಲ ಸೇರಿ ಅದರಲ್ಲಿ ಚಕ್ಕುಲಿ ತಿಂದೆವು.

ಇನ್ನು ಮೇಘನಾಳ ವಿಷಯ. ಅವಳು ಎಂಟನೇ ತರಗತಿಗೆ ನಮ್ಮ ಶಾಲೆಗೆ ಬಂದು ಸೇರಿದವಳು. ಸಣ್ಣ ಮುಖ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ನಾನು ಕಥೆಯ ಪಾಠ ಮಾಡುವಾಗ ಕಥೆ ಎತ್ತ ತಿರುಗುತ್ತದೆ ಎಂದು ನನಗಿಂತ ಮೊದಲೇ ಅವಳ ಮುಖಕ್ಕೆ ಗೊತ್ತಾಗುತ್ತಿತ್ತು. ಪ್ರಶ್ನೆ ಕೇಳಿದರೆ ಉತ್ತರ ಬಾಯಲ್ಲಿತ್ತು. ಮರುದಿನ ಮನೆಗೆಲಸ ತೋರಿಸು ಎಂದರೆ ಮಾತ್ರ ತಲೆ ಕೆಳಗೆ. ಬರೆಯುವ ಪರೀಕ್ಷೆಯಲ್ಲಿ ಅವಳ ಅಂಕಗಳನ್ನು ನೋಡಿದರೆ ಇದು ಬೇರೆ ಯಾವುದೋ ಹುಡುಗಿಯ ಅಂಕ ಅನ್ನಿಸುತ್ತಿತ್ತು.

ಇಂಥ ಮಕ್ಕಳ ಬಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು. "ಮನೇಲಿ ವಾತಾವರಣ ಇಲ್ಲ." ಯಾರು ಹೇಳಿದರೂ ಉಳಿದವರು ತಲೆದೂಗಿ ಚಹಾ ಕುಡಿಯುತ್ತಿದ್ದೆವು, ಹವಾಮಾನ ಇಲಾಖೆಯವರು ಮಳೆ ಇಲ್ಲ ಎಂದು ಹೇಳಿ ಮನೆಗೆ ಹೋಗುವ ಹಾಗೆ. ಆ ಇಲ್ಲದ ವಾತಾವರಣ ಹೇಗಿರುತ್ತದೆ ನೋಡೋಣ ಎಂದು ಒಂದು ಸಂಜೆ ನಾನು ಮೇಘನಾಳ ಜೊತೆಯಲ್ಲೇ ಅವಳ ಮನೆಗೆ ನಡೆದೆ.

ಶಾಲೆಯ ಹಿಂದಿನ ಓಣಿಗಳ ಒಳಗೆ ಒಂದು ಕೋಣೆಯ ಮನೆ. ಅಪ್ಪ ಗೋಡೆಗೆ ಬಣ್ಣ ಹೊಡೆಯುವ ಕೆಲಸದವರು, ಕೆಲಸ ಸಿಕ್ಕ ಊರಿಗೆ ಹೋಗಿಬಿಡುತ್ತಿದ್ದರು. ತಾಯಿ ಜಯಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದರು. ನೆಲದ ಅರ್ಧ ಭಾಗ ಮಣೆ, ಕಲಸಿದ ಕಪ್ಪು ಹಿಟ್ಟು, ಒಣಗಲು ಹರಡಿದ ಕಡ್ಡಿಗಳು. ಇನ್ನರ್ಧದಲ್ಲಿ ಒಲೆ, ಪಾತ್ರೆ, ಟಿವಿ, ಸುರುಳಿ ಸುತ್ತಿಟ್ಟ ಹಾಸಿಗೆ ಮತ್ತು ಮೇಘನಾಳ ಪುಟ್ಟ ತಮ್ಮ. ನಾನು ಬಂದದ್ದೇ ಜಯಮ್ಮ ಎದ್ದು, ಇದ್ದ ಒಂದು ಕುರ್ಚಿಯನ್ನು ಸೆರಗಿನಿಂದ ಒರೆಸಿ ಹಾಕಿದರು. ಅದರ ಮೇಲೆ ಇದ್ದ ಬಟ್ಟೆಯ ರಾಶಿಯನ್ನು ಎಲ್ಲಿಡುವುದು ಎಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತರು.

ಹುಡುಗಿ ಜಾಣೆ, ಆದರೆ ಮನೆಯಲ್ಲಿ ಸ್ವಲ್ಪ ಓದಿಸಬೇಕು ಎಂದು ನಾನು ಶುರು ಮಾಡಿದೆ. ಜಯಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಓದ್ಕೊ ಅಂತ ನಾನೂ ಏಳ್ತೀನಿ ಮೇಡಂ. ಎಲ್ಲಿ ಕುಂತ್ಕೊಂಡು ಓದ್ಲಿ, ನೀವೇ ಏಳಿ" ಅಂದರು.

ಅದರಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಟೀಚರಿಗೆ ಗೊತ್ತಿರಬಹುದು ಎಂದುಕೊಂಡು ಕೇಳಿದ ಪ್ರಶ್ನೆ. ನಾನು ಕೋಣೆಯ ಸುತ್ತ ನೋಡಿದೆ. ಕುರ್ಚಿಯ ಮೇಲೆ ಕುಳಿತಿದ್ದವಳು ನಾನು. ಅದನ್ನು ಬಿಟ್ಟರೆ ಜಾಗ ಇರಲಿಲ್ಲ.

ಉತ್ತರ ಸಿಕ್ಕಿದ್ದು ನಾನು ಹುಡುಕಿದ ಕಡೆಯಲ್ಲಲ್ಲ. ನನ್ನ ತಮ್ಮನ ಮಗುವಿನ ನಾಮಕರಣಕ್ಕೆ ಸಣ್ಣ ಕಲ್ಯಾಣ ಮಂಟಪ ಬೇಕಾಗಿತ್ತು. ಶಾಲೆಯ ಹಿಂದಿನ ರಸ್ತೆಯಲ್ಲೇ ಹಳೆಯದೊಂದಿತ್ತು, ವಿಚಾರಿಸಲು ಹೋದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಸರ್ವಮಂಗಳಮ್ಮ. ಅರವತ್ತು ದಾಟಿದವರು, ಹಣೆಯ ತುಂಬ ವಿಭೂತಿ, ಬೀದಿಯ ಆ ತುದಿಗೂ ಕೇಳುವ ದನಿ. ಅವರ ಮಾವನವರು ಬೆಲ್ಲದ ವ್ಯಾಪಾರದಲ್ಲಿ ದುಡಿದು, ಮಠದ ಸ್ವಾಮಿಗಳಿಂದ ಶಂಕುಸ್ಥಾಪನೆ ಮಾಡಿಸಿ ಕಟ್ಟಿಸಿದ ಮಂಟಪ. ಗಂಡ ತೀರಿಕೊಂಡ ಮೇಲೆ ಇವರೇ ನಡೆಸುತ್ತಿದ್ದರು. ಕೆಳಗೆ ಮದುವೆಯ ಹಾಲ್, ಮೇಲೆ ಊಟದ ಹಾಲ್. ಊಟದ ಹಾಲಿನ ಬಾಗಿಲ ಮೇಲೆ ಹಳೆಯ ಕಾಲದ ದಪ್ಪ ಅಕ್ಷರದಲ್ಲಿ ‘ಭೋಜನಶಾಲೆ’ ಎಂದು ಬರೆದಿತ್ತು.

ಸರ್ವಮಂಗಳಮ್ಮನವರಿಗೆ ಆ ದಿನ ಬೇಸರವಾಗಿತ್ತು. ಈಗೆಲ್ಲ ಜನರಿಗೆ ದಟ್ಟಗಳ್ಳಿ ಕಡೆ, ರಿಂಗ್ ರೋಡಿನ ಕಡೆ ಎ.ಸಿ. ಇರುವ ದೊಡ್ಡ ಹಾಲುಗಳೇ ಬೇಕು, ನಮ್ಮದು ವಾರವಿಡೀ ಖಾಲಿ, ಪಾರಿವಾಳ ಬಂದು ಕೂರುತ್ತವೆ ಎಂದು ಹೇಳಿಕೊಂಡರು. ನಾಮಕರಣದ ಮಾತು ಮುಗಿದ ಮೇಲೆ ಅವರಿಗೆ ಹೊತ್ತು ಹೋಗಬೇಕಾಗಿತ್ತು, ನನಗೆ ಜಯಮ್ಮನ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಅದನ್ನು ಹೇಳಿದೆ. ಸಹಾಯ ಕೇಳಬೇಕೆಂದು ಹೇಳಿದ್ದಲ್ಲ, ಸುಮ್ಮನೆ ಬಾಯಿಗೆ ಬಂತು.

ಅವರು ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗಿ ದೀಪದ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಹಾಕಿದರು. ಉದ್ದುದ್ದ ಮೇಜುಗಳ ಸಾಲು, ಪ್ರತಿ ಸಾಲಿನ ಮೇಲೆ ಟ್ಯೂಬ್‌ಲೈಟು, ಫ್ಯಾನು. "ಕಳಿಸಮ್ಮ ಸುಧಾ. ನನಗೆ ಲೆಕ್ಕ ಬರಲ್ಲ, ಇಂಗ್ಲಿಷೂ ಬರಲ್ಲ. ಜಾಗ ಇದೆ" ಎಂದರು.

ಮೊದಲು ಹೋದವಳು ಮೇಘನಾ, ಅವಳ ಹಿಂದೆ ಅದೇ ಓಣಿಯ ಮಕ್ಕಳು, ಅವರ ಹಿಂದೆ ಆ ಮಕ್ಕಳ ತಮ್ಮ ತಂಗಿಯರು. ಶಾಲೆ ಬಿಟ್ಟ ಮೇಲೆ ಮನೆಗೆ ಹೋಗಿ ಮುಖ ತೊಳೆದುಕೊಂಡು ಬರಬೇಕು. ಚಪ್ಪಲಿಗಳನ್ನು ಮೆಟ್ಟಿಲ ಕೆಳಗೆ ಸಾಲಾಗಿ ಬಿಡಬೇಕು. ಕಿತ್ತಾಡಿದರೆ ಇಬ್ಬರೂ ಸೇರಿ ಮೇಜು ಒರೆಸಬೇಕು. ಇವು ಸರ್ವಮಂಗಳಮ್ಮನವರ ಕಾನೂನುಗಳು. ಪುಸ್ತಕಗಳಿಗೆ ಎಣ್ಣೆ ಜಿಡ್ಡು ಹತ್ತದಿರಲಿ ಎಂದು ಅವರು ಮೇಜಿನ ಮೇಲೆ ಮದುವೆಯ ಕಾಗದ ಹಾಸಿಸಿದರು. ಅದರ ಮೇಲೆ ಬರೆಯಬಹುದು ಎಂದು ಮಕ್ಕಳು ಕಂಡುಕೊಂಡರು. ನೋಟ್‌ಬುಕ್ಕಿನಲ್ಲಿ ತಪ್ಪಿದರೆ ಕೆಂಪು ಗುರುತು ಬೀಳುತ್ತದೆ. ಕಾಗದದ ಮೇಲೆ ತಪ್ಪಿದರೆ ಮುಂದಕ್ಕೆ ಸರಿದು ಇನ್ನೊಂದು ಸಲ ಮಾಡಿದರಾಯಿತು. ಹೆದರಿಕೆ ಇಲ್ಲದೆ ಲೆಕ್ಕ ಮಾಡುವ ಮಕ್ಕಳನ್ನು ನಾನು ಮೊದಲ ಸಲ ನೋಡಿದ್ದು ಅಲ್ಲೇ.

ಒಮ್ಮೆ ಸಮಾಜದ ಪಾಠಕ್ಕಾಗಿ ಎಲ್ಲ ಸೇರಿ ಒಂದು ಮೇಜಿನ ಉದ್ದಕ್ಕೂ ಭಾರತದ ನಕ್ಷೆ ಬಿಡಿಸಿದರು. ಮರುದಿನ ಯಾರದೋ ನಿಶ್ಚಿತಾರ್ಥ. ಅಡುಗೆಯವರು ಇದು ಹೊಸ ಅಲಂಕಾರ ಎಂದುಕೊಂಡರೋ ಏನೋ, ಅದರ ಮೇಲೆಯೇ ಎಲೆ ಹಾಕಿಬಿಟ್ಟರು. ಗಂಡಿನ ದೊಡ್ಡಪ್ಪನ ಎಲೆಯ ಪಕ್ಕದಲ್ಲೇ ಕಾವೇರಿ ಹರಿಯುತ್ತಿದ್ದಳು, ಸಾರು ಚೆಲ್ಲಿ ಕೊಡಗಿನಲ್ಲಿ ನೆರೆ ಬಂತು. ಅವರು ನಿವೃತ್ತ ಸರ್ವೇಯರಂತೆ. ಊಟ ಬಿಟ್ಟು ನಕ್ಷೆ ನೋಡಿ, ತುಂಗಭದ್ರೆಯನ್ನು ಸ್ವಲ್ಪ ಕೆಳಗೆ ಎಳೆದುಬಿಟ್ಟಿದ್ದಾರೆ ಎಂದು ಹೇಳಿ ಕಳಿಸಿದರು. ಮಕ್ಕಳು ತಿದ್ದಿಕೊಂಡರು.

ಆದರೆ ಜಾಗಕ್ಕಿಂತ, ದೀಪಕ್ಕಿಂತ ದೊಡ್ಡದು ಅಲ್ಲಿ ಇನ್ನೊಂದಿತ್ತು. ಅದು ನನಗೆ ಗೊತ್ತಾಗಲು ಸ್ವಲ್ಪ ದಿನ ಹಿಡಿಯಿತು. ಮನೆಗೆ ಹೊರಡುವ ಮೊದಲು ಪ್ರತಿ ಮಗುವೂ ಸರ್ವಮಂಗಳಮ್ಮನವರ ಮುಂದೆ ನಿಂತು, ಆ ದಿನ ಕಲಿತದ್ದರಲ್ಲಿ ಏನಾದರೂ ಒಂದನ್ನು ಹೇಳಬೇಕಿತ್ತು. ಅವರು ಗದ್ದಕ್ಕೆ ಕೈಕೊಟ್ಟು ಕೇಳುತ್ತಿದ್ದರು. ನಡುನಡುವೆ "ಆಮೇಲೆ?" ಅನ್ನುತ್ತಿದ್ದರು. ನೀರು ಆವಿಯಾಗುತ್ತದಂತೆ. ಆಮೇಲೆ? ಮೋಡ ಆಗುತ್ತದಂತೆ. ಆಮೇಲೆ? ಮಗು ನಿಂತುಬಿಟ್ಟರೆ, "ಹೋಗಲಿ ಬುಡು, ನಾಳೆ ನಿಮ್ಮ ಮಿಸ್‌ನ ಕೇಳ್ಕೊಂಡು ಬಂದು ಹೇಳು, ನನಗೆ ನಿದ್ದೆ ಬರಲ್ಲ" ಅನ್ನುವರು. ಅದು ನಾಟಕವಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರುತ್ತಿರಲಿಲ್ಲ, ನಿಜವಾಗಿಯೂ ಬೇಕಾಗಿರುತ್ತಿತ್ತು. ನಮ್ಮ ತರಗತಿಗಳಲ್ಲಿ ಕೊನೆಯ ಬೆಂಚಿನ ಮಕ್ಕಳು ಕೈಯೆತ್ತಿ, "ಆಮೇಲೆ ಏನಾಗುತ್ತೆ ಮಿಸ್?" ಎಂದು ಕೇಳತೊಡಗಿದರು. ವಿಜ್ಞಾನದ ಮೇಷ್ಟ್ರಿಗೆ ಗಾಬರಿಯಾಯಿತು.

ನಾನು ಒಂದು ಸಂಜೆ ಆ ಭೋಜನಶಾಲೆಯ ಮೂಲೆಯಲ್ಲಿ ಕುಳಿತು ಇದನ್ನು ನೋಡುತ್ತಿದ್ದಾಗ ಲಕ್ಷ್ಮೀಪುರಂನ ಊಟದ ಹೊತ್ತು ಕಣ್ಣ ಮುಂದೆ ಬಂತು. ನನಗೆ ಮನೆಯಲ್ಲೇ ಸಿಕ್ಕಿಬಿಟ್ಟಿದ್ದನ್ನು, ಕೇಳದೆ ಸಿಕ್ಕಿದ್ದನ್ನು, ಸಿಕ್ಕಿದೆ ಎಂದೇ ಗೊತ್ತಿಲ್ಲದೆ ಉಂಡದ್ದನ್ನು, ಈ ಹೆಂಗಸು ಬೇರೆಯವರ ಮಕ್ಕಳಿಗೆ ಬಡಿಸುತ್ತಿದ್ದರು. ನನ್ನ ಅಂಕಗಳಲ್ಲಿ ಅಪ್ಪನ ಪಾಲೆಷ್ಟು, ಆ ಮೇಜಿನ ಪಾಲೆಷ್ಟು, ಸಣ್ಣಗಾದ ರೇಡಿಯೊದ ಪಾಲೆಷ್ಟು ಎಂದು ಕಳೆಯುತ್ತಾ ಹೋದರೆ ಕೊನೆಗೆ ನನ್ನದೆಂದು ಉಳಿಯುವುದು ಬಹುಶಃ ಕೈಬರಹ ಮಾತ್ರ. ಅದೂ ಚೆನ್ನಾಗಿಲ್ಲ.

ಮೇಘನಾ ಏನಾದಳು ಎಂದು ನೀವು ಕಾಯುತ್ತಿದ್ದರೆ ಇಲ್ಲೇ ಹೇಳಿಬಿಡುತ್ತೇನೆ. ಅವಳು ಈಗ ನರ್ಸಿಂಗ್ ಓದುತ್ತಿದ್ದಾಳೆ. ಆಸ್ಪತ್ರೆಯ ವಾರ್ಡಿನಲ್ಲಿ ಮುದುಕರು ತಮ್ಮ ನೋವು ಹೇಳುವಾಗ ಅವಳು ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಾಳೆ ಎಂದು ಅಲ್ಲಿನ ಹಿರಿಯ ನರ್ಸೊಬ್ಬರು ಹೊಗಳಿದರಂತೆ. ಅದನ್ನು ನನಗೆ ಹೇಳುವಾಗ ಅವಳಿಗೆ ನಾಚಿಕೆಯಾಯಿತು. ಆದರೆ ಅಲ್ಲಿಗೆ ಮುಟ್ಟುವ ಮೊದಲು ಹತ್ತನೇ ತರಗತಿಯಲ್ಲಿ ಎಲ್ಲ ಕೈತಪ್ಪಿ ಹೋಗುವುದರಲ್ಲಿತ್ತು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳು ಗಣಿತ, ಇಂಗ್ಲಿಷು ಎರಡರಲ್ಲೂ ಫೇಲಾದಳು. ಎರಡು ವರ್ಷದ ಸಂಜೆಗಳು ಎಂಟು ವರ್ಷದ ಕೊರತೆಯನ್ನು ಪೂರ್ತಿ ತುಂಬಲಾರವು, ಅದು ನಮಗೆ ತಿಳಿಯಬೇಕಿತ್ತು. ನಮ್ಮ ಹೆಡ್‌ಮಾಸ್ತರರು ಕೆಟ್ಟವರಲ್ಲ. ಆದರೆ ನೂರಕ್ಕೆ ನೂರು ಫಲಿತಾಂಶ ಎಂಬುದು ಆ ವರ್ಷ ಅವರ ತಲೆಯ ಮೇಲೆ ಕುಳಿತಿತ್ತು. ಈ ವರ್ಷ ಪರೀಕ್ಷೆಗೆ ಕೂರಿಸುವುದು ಬೇಡ, ಮುಂದಿನ ವರ್ಷ ಹೊರಗಿನಿಂದ ಕಟ್ಟಲಿ ಎಂದು ಜಯಮ್ಮನನ್ನು ಕರೆಸಿ ಸಮಾಧಾನವಾಗಿಯೇ ಹೇಳಿದರು. ಜಯಮ್ಮ ಹೂಂ ಎಂದು ಹೋದರು. ಮರುದಿನದಿಂದ ಮೇಘನಾ ಶಾಲೆಗೆ ಬರಲಿಲ್ಲ. ವಿಚಾರಿಸಿದರೆ ಊದುಬತ್ತಿಯ ಇನ್ನೊಂದು ಮಣೆ ತರಿಸಿಕೊಂಡು ಅಮ್ಮನ ಎದುರಿಗೆ ಕುಳಿತಿದ್ದಳು. ನಾನು ಹೆಡ್‌ಮಾಸ್ತರರ ಹತ್ತಿರ ವಾದ ಮಾಡಿದೆ. ನನ್ನ ವಾದಗಳೆಲ್ಲ ಅವರಿಗೆ ಮೊದಲೇ ಗೊತ್ತಿದ್ದವು.

ಸಂಜೆ ಮೇಘನಾ ಕಾಣಲಿಲ್ಲವೆಂದು ಸರ್ವಮಂಗಳಮ್ಮ ಉಳಿದ ಮಕ್ಕಳನ್ನು ಕೇಳಿ ತಿಳಿದುಕೊಂಡರು. ಬೆಳಗ್ಗೆ ಜಯಮ್ಮನನ್ನು ಜೊತೆಗೆ ಕರೆದುಕೊಂಡು ಶಾಲೆಗೇ ಬಂದರು. ಅವರನ್ನು ಕಂಡು ಹೆಡ್‌ಮಾಸ್ತರರು ಎದ್ದು ನಿಂತರು. ತಮ್ಮ ಮದುವೆ ನಡೆದದ್ದು ಅದೇ ಮಂಟಪದಲ್ಲಿ, ಮುಹೂರ್ತಕ್ಕೆ ತಡ ಮಾಡಿದ್ದಕ್ಕೆ ಈ ತಾಯಿಯಿಂದ ಬೈಸಿಕೊಂಡದ್ದು ಅವರಿಗಿನ್ನೂ ನೆನಪಿತ್ತು. ಅವರು ಕುರ್ಚಿ ಕೊಟ್ಟು ಪರಿಸ್ಥಿತಿಯನ್ನು ವಿವರಿಸಿದರು. ಈ ಸಲ ಕೂತರೆ ಹುಡುಗಿ ಫೇಲಾಗುತ್ತಾಳೆ.

"ಆಮೇಲೆ?" ಎಂದರು ಸರ್ವಮಂಗಳಮ್ಮ.

ಫೇಲಾದರೆ ಶಾಲೆಯ ಫಲಿತಾಂಶ ಇಳಿಯುತ್ತದೆ.

"ಆಮೇಲೆ?"

ಮೇಲಿನ ಅಧಿಕಾರಿಗಳು ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿ ಕೇಳುತ್ತಾರೆ.

"ಆಮೇಲೆ?"

ಹೆಡ್‌ಮಾಸ್ತರರು ಮೇಜಿನ ಮೇಲಿದ್ದ ಅಂಕಪಟ್ಟಿಯನ್ನು ತಿರುಗಿಸಿ ಹಿಂಬದಿ ನೋಡಿದರು. ಅಲ್ಲೂ ಏನೂ ಬರೆದಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಸರ್ವಮಂಗಳಮ್ಮ ದನಿ ಇಳಿಸಿದರು. ಅವರಿಗೆ ಮೆಲುದನಿ ಇದೆಯೆಂದು ನನಗೆ ಗೊತ್ತಾದದ್ದು ಅವತ್ತೇ. "ಹುಡುಗಿ ಮನೇಲಿ ಕೂತ್ಬುಟ್ರೆ ಆಮೇಲೆ ಏನಾಗುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಾನೂ ಹಂಗೇ ಕೂತವಳು ಕಣ್ರೀ. ಫೇಲಾದ್ರೆ ಇನ್ನೊಂದ್ಸಲ ಬರೀತಾಳೆ. ಕೂರಿಸಿ."

ಅವರು ಎಷ್ಟನೇ ತರಗತಿಯವರೆಗೆ ಓದಿದ್ದರು, ಯಾರು ಬಿಡಿಸಿದರು ಎಂದು ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೂ ಕೇಳಲಿಲ್ಲ. ಹೆಡ್‌ಮಾಸ್ತರರೂ ಕೇಳಲಿಲ್ಲ. ನಾಳೆಯಿಂದ ಶಾಲೆಗೆ ಕಳಿಸಿ ಎಂದು ಜಯಮ್ಮನಿಗೆ ಹೇಳಿದರು.

ಹೆಡ್‌ಮಾಸ್ತರರು ಅಷ್ಟಕ್ಕೇ ಬಿಡಲಿಲ್ಲ ಎಂಬುದನ್ನೂ ಹೇಳಬೇಕು. ಅವರು ಮೂಲತಃ ಗಣಿತದ ಮೇಷ್ಟ್ರು. ಆ ವಾರದಿಂದ ಸಂಜೆ ಭೋಜನಶಾಲೆಗೆ ಬಂದು, ತಮ್ಮ ಮದುವೆಯ ಊಟ ಮಾಡಿದ್ದ ಸಾಲಿನಲ್ಲೇ ಕುಳಿತು, ಕಾಗದದ ಮೇಲೆ ವೃತ್ತ, ತ್ರಿಭುಜ ಎಳೆದು ಹೇಳಿಕೊಡತೊಡಗಿದರು. ಆಗ ಧನುರ್ಮಾಸ, ಮದುವೆಗಳಿಲ್ಲ. ಹಾಲ್ ಪೂರ್ತಿ ನಿಮ್ಮದೇ ಎಂದು ಸರ್ವಮಂಗಳಮ್ಮ ಕೀಲಿಕೈಯನ್ನೇ ಕೊಟ್ಟುಬಿಟ್ಟರು. ಇಂಗ್ಲಿಷು ನನ್ನ ಪಾಲಿಗೆ ಬಂತು. ನನ್ನ ಇಂಗ್ಲಿಷಿನ ಬಗ್ಗೆ ಹೆಚ್ಚು ಹೇಳದಿರುವುದೇ ಮರ್ಯಾದೆ. ಸಂಜೆ ಹೇಳಿಕೊಡಬೇಕಾದ್ದನ್ನು ಬೆಳಗ್ಗೆ ಯಜಮಾನರಿಂದ ಹೇಳಿಸಿಕೊಂಡು ಹೋಗುತ್ತಿದ್ದೆ. ಜಯಮ್ಮ ಮಗಳನ್ನು ಕರೆದೊಯ್ಯಲು ದಿನವೂ ಬಂದು ಗೇಟಿನ ಹೊರಗೆ ನಿಲ್ಲುತ್ತಿದ್ದರು. ಒಳಗೆ ಬನ್ನಿ ಎಂದರೆ, ಕೈಯೆಲ್ಲ ಮಸಿ ಎಂದು ತೋರಿಸಿ ಅಲ್ಲೇ ಉಳಿಯುತ್ತಿದ್ದರು. ಮಗಳು ಇಳಿದು ಬಂದಾಗ ಚೀಲ ತಾವು ತೆಗೆದುಕೊಂಡು ನಡೆಯುತ್ತಿದ್ದರು.

ಫಲಿತಾಂಶ ಬಂದ ದಿನ ಮಂಟಪದಲ್ಲಿ ಭರ್ಜರಿ ಮದುವೆ. ಬೇರೆ ಹಾಲ್ ಸಿಗದೆ ಇಲ್ಲಿಗೆ ಬಂದ ದೊಡ್ಡ ಕುಟುಂಬ. ಸರ್ವಮಂಗಳಮ್ಮ ಇಳಕಲ್ ಸೀರೆಯುಟ್ಟು ಮೆಟ್ಟಿಲ ಹತ್ತಿರ ನಿಂತು ಎಲ್ಲರನ್ನೂ ಊಟಕ್ಕೆ ಹತ್ತಿಸುತ್ತಿದ್ದರು. ಶಾಲೆಯಲ್ಲಿ ಫಲಿತಾಂಶ ನೋಡಿದ ಮೇಘನಾ, ಮನೆಗೆ ಓಡಿ ಅಮ್ಮನನ್ನು ಎಳೆದುಕೊಂಡು ಬಂದಳು. ಜೊತೆಗೆ ನಾನೂ ಇದ್ದೆ. ಅವಳು ಫೋನಿನಲ್ಲಿದ್ದ ಅಂಕಗಳನ್ನು ತೋರಿಸಿದಳು. ಸರ್ವಮಂಗಳಮ್ಮ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ನನ್ನ ಕಿವಿಯ ಹತ್ತಿರ ಬಂದು, "ಇದು ಒಳ್ಳೇದೇನಮ್ಮ?" ಎಂದು ಕೇಳಿದರು.

ನಾನೇನು ಹೇಳಲಿ? ಆ ವರ್ಷ ನಮ್ಮ ಶಾಲೆಯಲ್ಲೇ ಡಾಕ್ಟರೊಬ್ಬರ ಮಗ ಪೂರ್ಣಕ್ಕೆ ಒಂದೆರಡು ಅಂಕ ಕಡಿಮೆ ತೆಗೆದುಕೊಂಡು ಅಳುತ್ತಿದ್ದ. ಮೇಘನಾಳದು ದೊಡ್ಡ ಅಂಕವಲ್ಲ. ಕನ್ನಡದಲ್ಲಿ ತುಂಬ ಚೆನ್ನಾಗಿತ್ತು, ಗಣಿತ ಗಡಿ ದಾಟಿತ್ತು ಅಷ್ಟೇ. ಆದರೆ ಆ ಕುರ್ಚಿ, ಆ ಬಟ್ಟೆಯ ರಾಶಿ, ಆ ಕಪ್ಪು ಹಿಟ್ಟು ನೋಡಿ ಬಂದವಳು ನಾನು. ಎಲ್ಲಿಂದ ಹೊರಟು ಎಲ್ಲಿಗೆ ಬಂದಳು ಎಂದು ಅಳೆಯುವ ಪರೀಕ್ಷೆಯೊಂದು ಇದ್ದಿದ್ದರೆ ಅವಳನ್ನು ಮೀರಿಸುವವರು ಊರಲ್ಲಿ ಯಾರಿದ್ದರು? "ತುಂಬಾ ಒಳ್ಳೇದು" ಎಂದೆ. ಅದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಲ್ಲ.

ಸರ್ವಮಂಗಳಮ್ಮ ಫೋನನ್ನು ಮೇಘನಾಳಿಗೆ ಹಿಂದಕ್ಕೆ ಕೊಟ್ಟರು. ಒಂದು ಕೈಯಲ್ಲಿ ಮೇಘನಾಳನ್ನು, ಇನ್ನೊಂದು ಕೈಯಲ್ಲಿ ಜಯಮ್ಮನನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಜಯಮ್ಮ ಕೈ ಬಿಡಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಬೀಗರ ಮೊದಲ ಪಂಕ್ತಿ ಆಗಷ್ಟೇ ಕೂರುತ್ತಿತ್ತು. ಗಂಡಿನ ಕಡೆಯ ಹಿರಿಯರ ಸಾಲಿನಲ್ಲೇ ಇಬ್ಬರನ್ನೂ ಕೂರಿಸಿ, ನನ್ನನ್ನೂ ಕೂರಿಸಿ, ತಾವು ಬಡಿಸುವವರ ಕಡೆ ಹೋದರು.

ಜಯಮ್ಮ ತಲೆಯೆತ್ತಲಿಲ್ಲ. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಕುಳಿತಿದ್ದ ರೇಷ್ಮೆ ಸೀರೆಯ ಹೆಂಗಸು, ಗಂಡಿನ ಸೋದರತ್ತೆಯಂತೆ, ಪ್ರೀತಿಯಿಂದಲೇ ವಿಚಾರಿಸಿದರು. "ನೀವು ಯಾರ ಕಡೆಯವರಮ್ಮ, ಹೆಣ್ಣಿನ ಕಡೆಯವರಾ?"

ನಾನು ಏನಾದರೂ ಹೇಳಿ ಸುಧಾರಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಜಯಮ್ಮನೇ ಮುಖವೆತ್ತಿದರು.

"ನಾವು ಯಾರ ಕಡೆಯವ್ರೂ ಅಲ್ಲ ಕಣಮ್ಮ. ನಮ್ಮುಡುಗಿ ಓದಿದ್ದು ಇಲ್ಲೇಯ. ಇವತ್ತು ಎಸೆಸೆಲ್ಸಿ ಪಾಸಾಗವ್ಳೆ."

ಆ ಹೆಂಗಸು ಊಟದ ಮೇಜುಗಳನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. ಭೋಜನಶಾಲೆಯಲ್ಲಿ ಓದುವುದೆಂದರೇನು ಎಂದು ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ಪಾಸಾಗಿದ್ದಾಳೆ ಎಂಬುದು ಅರ್ಥವಾಯಿತು. ಒಬ್ಬಟ್ಟು ಬಡಿಸುತ್ತಾ ಹೋಗುತ್ತಿದ್ದವನನ್ನು ಕರೆದು, ಈ ತಾಯಿಗೂ ಮಗಳಿಗೂ ಇನ್ನೊಂದೊಂದು ಹಾಕಪ್ಪ, ತುಪ್ಪ ಧಾರಾಳವಾಗಿ ಬೀಳಲಿ ಎಂದರು.

ಜಯಮ್ಮ ಸೆರಗಿನೊಳಗಿಂದ ಎರಡೂ ಕೈಗಳನ್ನು ಹೊರಗೆ ತೆಗೆದರು. ಬೇಡವೆಂದು ಎಲೆಗೆ ಅಡ್ಡ ಹಿಡಿಯಲಿಲ್ಲ.